ಸಾಂಕ್ರಾಮಿಕದ ಕಾಲದಲ್ಲಿ ಹರೆಯದ ಮನಸ್ಸು

ಕೊರೊನಾ ವೈರಾಣು ಹರೆಯದವರ ಮೈಗಿಂತ ಅವರ ದಿನಚರಿಯನ್ನು ಹೆಚ್ಚು ಕೆಡಿಸಿತು. ಸೋಂಕು ತಗುಲಿದ ಎಳೆಯರಲ್ಲಿ ಬಹುಪಾಲು ಮಂದಿ ನಾಲ್ಕಾರು ದಿನ ಜ್ವರ, ಕೆಮ್ಮು, ಮೈಕೈ ನೋವು ಅನುಭವಿಸಿ ಎದ್ದು ಕುಳಿತರು. ಆದರೆ ಕಾಲೇಜಿನ ಗಂಟೆ, ಬೆಳಗಿನ ಬಸ್ಸು, ಗೆಳೆಯರ ಗುಂಪು, ಕಾರ್ಖಾನೆಯ ಪಾಳಿ, ಪರೀಕ್ಷೆಯ ವೇಳಾಪಟ್ಟಿ ಇವು ಅಷ್ಟು ಬೇಗ ಏಳಲಿಲ್ಲ. ಒಂದೆರಡು ವಾರದಲ್ಲಿ ಕಳಚಿಬಿದ್ದ ಈ ವ್ಯವಸ್ಥೆ ಮತ್ತೆ ಕೂಡಿಕೊಳ್ಳಲು ಹೆಚ್ಚು ಕಡಿಮೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಎಳೆಯರ ಮನಸ್ಸನ್ನು ಹೇಗೆ ತಟ್ಟಿತೆಂದು ತಿಳಿಯಲು ಬೆಂಗಳೂರು ಗ್ರಾಮಾಂತರ ಜಿಲ್ಲೆ ತಕ್ಕ ಜಾಗ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಯುವಜನರ ಮನೆ ಹಳ್ಳಿಯಲ್ಲಿ, ಓದು ಮತ್ತು ದುಡಿಮೆ ಬೆಂಗಳೂರಿನಲ್ಲಿ ಅಥವಾ ಬೆಂಗಳೂರಿನ ದಾರಿಯಲ್ಲಿ. ಆ ದಾರಿಯೇ ಮುಚ್ಚಿಹೋದಾಗ ಆದದ್ದೇನು ಎಂಬುದೇ ಇಲ್ಲಿನ ವಿಷಯ.

ಕರ್ನಾಟಕದ ಮೊದಲ ಪ್ರಕರಣ 2020ರ ಮಾರ್ಚ್ ಎರಡನೆಯ ವಾರ ಬೆಂಗಳೂರಿನಲ್ಲಿ ಬೆಳಕಿಗೆ ಬಂತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಸಾಂಕ್ರಾಮಿಕವೆಂದು ಸಾರಿತು. ಮರುದಿನ ಕಲಬುರಗಿಯ ವೃದ್ಧರೊಬ್ಬರ ಸಾವು ದೇಶದ ಮೊದಲ ಕೋವಿಡ್ ಸಾವೆಂದು ದೃಢಪಟ್ಟಿತು. 14ರಿಂದ ಕಾಲೇಜು, ಚಿತ್ರಮಂದಿರ, ಮಾಲ್‌ಗಳಿಗೆ ಬೀಗ ಬಿತ್ತು. ಆಗ ಹೇಳಿದ್ದು ಒಂದು ವಾರದ ಮಟ್ಟಿಗೆ ಎಂದು. 22ರಂದು ಜನತಾ ಕರ್ಫ್ಯೂ, 25ರಿಂದ ದೇಶವಿಡೀ ಲಾಕ್‌ಡೌನ್. ದೇವನಹಳ್ಳಿ ತಾಲ್ಲೂಕಿನಲ್ಲಿರುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಹೊರದೇಶಗಳಿಂದ ಬಂದಿಳಿದವರ ಕೈಮೇಲೆ ಅಳಿಸಲಾಗದ ಶಾಯಿಯ ಮುದ್ರೆ ಒತ್ತಿ ಮನೆಯಲ್ಲಿ ಪ್ರತ್ಯೇಕವಾಗಿರಲು ಕಳಿಸಲಾಗುತ್ತಿತ್ತು. ಹಾಗೆ ಪ್ರತ್ಯೇಕವಾಸದಲ್ಲಿದ್ದವರು ಹಗಲೆಲ್ಲ ಗಂಟೆಗೊಂದು ಸೆಲ್ಫಿ ತೆಗೆದು ಸರ್ಕಾರದ ಆ್ಯಪ್‌ಗೆ ಹಾಕಬೇಕೆಂಬ ಆದೇಶವೂ ಬಂತು. ಅಷ್ಟರಲ್ಲಿ ದೇಶದೊಳಗಿನ ವಿಮಾನಗಳೂ ನಿಂತಿದ್ದವು. ತಲೆಯ ಮೇಲಿನ ಸದ್ದಿಗೆ ಒಗ್ಗಿಹೋಗಿದ್ದ ಸುತ್ತಲ ಹಳ್ಳಿಗಳಿಗೆ ಮೇ 25ರವರೆಗೆ ಆ ಸದ್ದು ಹೆಚ್ಚುಕಡಿಮೆ ಕೇಳಲೇ ಇಲ್ಲ.

ಜಿಲ್ಲೆಯ ಪಟ್ಟಣಗಳು ಬೆಂಗಳೂರಿನಿಂದ 25ರಿಂದ 40 ಕಿಲೋಮೀಟರ್ ದೂರದಲ್ಲಿವೆ. ಈ ದೂರಕ್ಕೆ ಒಂದು ಗುಣವಿದೆ. ದಿನಾ ಹೋಗಿಬರಬಹುದು, ಬೇಕಾದರೆ ಪೀಣ್ಯ, ಯಲಹಂಕ, ಕೆ.ಆರ್. ಪುರದ ಕಡೆ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಊರಿಗೆ ಬರಬಹುದು. ಹೆಣ್ಣುಮಕ್ಕಳಿಗಂತೂ ಬಸ್ ಪಾಸು ಎಂದರೆ ಬರೀ ಓದಿನ ಸಾಧನವಲ್ಲ, ಮನೆಯಿಂದ ಹೊರಗೆ ಕಾಲಿಡಲು ಹಿರಿಯರು ಒಪ್ಪಿದ ಕಾರಣ. ಲಾಕ್‌ಡೌನ್ ಆ ಕಾರಣವನ್ನು ಕಿತ್ತುಕೊಂಡಿತು. ರೂಮು ಖಾಲಿ ಮಾಡಿ ಊರಿಗೆ ಮರಳಿದ ಹುಡುಗರಿಗೆ ಇನ್ನೊಂದು ಪೆಟ್ಟು ಕಾದಿತ್ತು. ರಾಜ್ಯದ ಎಷ್ಟೋ ಹಳ್ಳಿಗಳಂತೆ ಇಲ್ಲಿಯೂ ಊರಬಾಗಿಲಿಗೆ ಮುಳ್ಳು, ಕಲ್ಲು, ಮರದ ಕೊಂಬೆ ಅಡ್ಡ ಬಿದ್ದಿದ್ದವು. ‘ಬೆಂಗಳೂರಿಂದ ಬಂದವನು’ ಎಂಬ ಮಾತು ಅದುವರೆಗೆ ಹೆಮ್ಮೆಯದಾಗಿತ್ತು. ಆ ತಿಂಗಳು ಅದೇ ಆರೋಪವಾಯಿತು. ಸ್ವಂತ ಊರಿನಲ್ಲಿ, ಸ್ವಂತ ಅಜ್ಜಿಯ ಎದುರು, ರೋಗ ತಂದವನೆಂಬ ಅನುಮಾನ ಹೊತ್ತು ನಿಲ್ಲುವುದು ಇಪ್ಪತ್ತರ ಹರೆಯಕ್ಕೆ ಸಣ್ಣ ಸಂಗತಿಯಲ್ಲ. ಸೋಂಕು ಖಚಿತವಾದ ಮನೆಗಳಿಗೆ ಪಟ್ಟಿ ಕಟ್ಟಿ, ಬೀದಿಯನ್ನೇ ಸೀಲ್‌ಡೌನ್ ಮಾಡಿದಾಗ ಆ ಮನೆಯ ಮಕ್ಕಳನ್ನು ಊರು ಬಹುಕಾಲ ಅದೇ ಗುರುತಿನಿಂದ ಕರೆಯಿತು.

ಹಳೆಯ ಮೈಸೂರು ಸೀಮೆಗೆ ಮಹಾಮಾರಿ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಮುಂದಿನ ಹಲವು ವರ್ಷ ಮತ್ತೆ ಮತ್ತೆ ಮರುಕಳಿಸಿತು. ಆಗ ಇಲಿ ಬಿದ್ದರೆ ಊರಿಗೆ ಊರೇ ಮನೆ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಆ ಸಂಕಟ ಕೋವಿಡ್‌ಗಿಂತ ಘೋರವಾಗಿತ್ತು, ಸಂಶಯವಿಲ್ಲ. ಆದರೆ ಗುಡಿಸಲುಗಳ ನಡುವೆ ಓಡಾಡುವ ಮಕ್ಕಳಿಗೆ ತಮ್ಮ ಓರಗೆಯವರ ಸಂಗ ತಪ್ಪುತ್ತಿರಲಿಲ್ಲ. ಊರು ಗುಂಪಾಗಿ ಹೊರಡುತ್ತಿತ್ತು. 2020ರ ನಿಯಮ ಇದಕ್ಕೆ ತಿರುಗುಮುರುಗು: ಪ್ರತಿಯೊಬ್ಬರೂ ಅವರವರ ಮನೆಯೊಳಗೆ, ಮನೆಯೊಳಗೂ ಅಂತರದಲ್ಲಿ. ವೈರಾಣುವಿನ ಹರಡುವಿಕೆಯನ್ನು ನೋಡಿದರೆ ಈ ನಿಯಮಕ್ಕೆ ಸಮರ್ಥನೆಯಿತ್ತು. ಹರೆಯದ ಸ್ವಭಾವಕ್ಕೆ ಮಾತ್ರ ಇದಕ್ಕಿಂತ ವಿರುದ್ಧವಾದದ್ದು ಇನ್ನೊಂದಿಲ್ಲ.

ಹದಿಮೂರು ಹದಿನಾಲ್ಕರಿಂದ ಇಪ್ಪತ್ತರ ನಡುಗಾಲದವರೆಗೆ ಮಿದುಳು ಇನ್ನೂ ಬೆಳೆಯುತ್ತಲೇ ಇರುತ್ತದೆ. ಭಾವನೆ, ಸಂತೋಷ, ಪ್ರತಿಫಲದ ಆಸೆಗಳನ್ನು ನೋಡಿಕೊಳ್ಳುವ ಭಾಗಗಳು ಬೇಗ ಬಲಿಯುತ್ತವೆ. ಮುಂದಾಲೋಚನೆ, ಸಂಯಮ, ತೂಗಿ ನೋಡುವ ಗುಣಕ್ಕೆ ಸಂಬಂಧಿಸಿದ ಮುಂಭಾಗ ನಿಧಾನವಾಗಿ ಬಲಿಯುತ್ತದೆ. ಈ ನಡುವಿನ ವರ್ಷಗಳಲ್ಲಿ ಎಳೆಯರು ತಮ್ಮನ್ನು ತಾವು ಕಂಡುಕೊಳ್ಳುವುದು ಓರಗೆಯವರ ಕಣ್ಣಲ್ಲಿ. ಅಪ್ಪ ಅಮ್ಮನಿಂದ ತುಸು ದೂರ ಸರಿದು, ಸ್ನೇಹಿತರಲ್ಲಿ ಜಗಳವಾಡಿ, ರಾಜಿಯಾಗಿ, ಒಲಿದು, ಸೋತು ಕಲಿಯುವ ಕಾಲ ಅದು. ಈ ಕಲಿಕೆಗೆ ಪಠ್ಯಕ್ರಮವಿಲ್ಲ, ಆದ್ದರಿಂದ ಅದು ತಪ್ಪಿಹೋದದ್ದು ಯಾವ ಅಂಕಪಟ್ಟಿಯಲ್ಲಿಯೂ ಕಾಣುವುದಿಲ್ಲ. ಹದಿನಾಲ್ಕಕ್ಕೆ ಮನೆ ಸೇರಿದ ಹುಡುಗಿ ಹದಿನಾರಕ್ಕೆ ಕಾಲೇಜಿಗೆ ಬಂದಾಗ ತರಗತಿಯಲ್ಲಿ ಎದ್ದು ನಿಂತು ಮಾತಾಡಲಾರದೆ ಬೆವರಿದಳೆಂದರೆ ಅದಕ್ಕೆ ಸಂಕೋಚದ ಸ್ವಭಾವವೊಂದೇ ಕಾರಣವಲ್ಲ.

ನಿದ್ದೆಯ ವಿಷಯ ಬೇರೆಯಾಗಿಯೇ ನೋಡಬೇಕು. ಹರೆಯ ಬಂದಾಗ ದೇಹದ ಒಳಗಡಿಯಾರ ಒಂದೆರಡು ಗಂಟೆ ಹಿಂದೆ ಸರಿಯುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ. ಬೆಳಗಿನ ಏಳರ ಬಸ್ಸು, ದನ ಕಟ್ಟುವ ಕೆಲಸ, ಹಾಲಿನ ಡೇರಿಗೆ ಕ್ಯಾನು ಹೊತ್ತೊಯ್ಯುವ ಹೊಣೆ ಇವೆಲ್ಲ ಈ ಗಡಿಯಾರವನ್ನು ಬಲವಂತವಾಗಿ ಮುಂದಕ್ಕೆ ಎಳೆದಿಟ್ಟಿರುತ್ತವೆ. ಬಸ್ಸು ನಿಂತಿತು. ರಾತ್ರಿ ಎರಡರವರೆಗೆ ಮೊಬೈಲ್, ಹಗಲು ಹನ್ನೊಂದರವರೆಗೆ ಹಾಸಿಗೆ ಎಂಬುದು ಮನೆಮನೆಯ ಜಗಳವಾಯಿತು. ಹಿರಿಯರು ಇದನ್ನು ಸೋಮಾರಿತನ ಎಂದರು. ಬೆಳಗಿನ ಬಿಸಿಲು, ನಡಿಗೆ, ಹೊತ್ತಿಗೆ ಸರಿಯಾದ ಊಟ ತಪ್ಪಿದ ಮೇಲೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟ ಮೇಲೆ ಮನಸ್ಸು ಕುಸಿಯುತ್ತದೆ, ಕುಸಿದ ಮನಸ್ಸು ಮತ್ತೆ ನಿದ್ದೆಗೆಡಿಸುತ್ತದೆ. ಖಿನ್ನತೆಯ ಎಷ್ಟೋ ಪ್ರಕರಣಗಳು ಈ ಸುತ್ತಿನಲ್ಲಿಯೇ ಬೇರೂರುತ್ತವೆ.

ಓದಿನ ಕಥೆ ಮೊಬೈಲಿನ ಕಥೆಯೂ ಹೌದು. ಗ್ರಾಮೀಣ ಭಾರತದಲ್ಲಿ ಶಾಲೆಗೆ ಸೇರಿದ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವ ಪ್ರಮಾಣ 2018ರಲ್ಲಿ ಶೇ 36.5 ಇದ್ದದ್ದು 2020ರಲ್ಲಿ ಶೇ 61.8ಕ್ಕೆ ಏರಿತೆಂದು ‘ಅಸರ್’ ಸಮೀಕ್ಷೆ ಹೇಳಿತು. ಏರಿಕೆ ದೊಡ್ಡದೇ. ಆದರೆ ಮನೆಗೊಂದು ಫೋನ್ ಎಂದರೆ ಮಗುವಿಗೊಂದು ಫೋನ್ ಎಂದಲ್ಲ. ಹಗಲು ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೋ ಕಾರ್ಖಾನೆಗೋ ಹೋಗುತ್ತಿತ್ತು. ಸಂಜೆ ಬಂದ ಮೇಲೆ ಅಣ್ಣನ ಪದವಿ ಪಾಠ ಮೊದಲು, ತಂಗಿಯ ಎಂಟನೆಯ ತರಗತಿ ಆಮೇಲೆ. ನೆಟ್‌ವರ್ಕಿಗಾಗಿ ಮಾಳಿಗೆ ಹತ್ತುವುದು, ಕೆರೆ ಏರಿಯ ಮೇಲೆ ಕೂರುವುದು ಮಾಮೂಲಾಯಿತು. ಹುಡುಗರು ಹೀಗೆ ಎಲ್ಲಿ ಬೇಕಾದರೂ ಕೂರಬಹುದಿತ್ತು, ಹುಡುಗಿಯರು ಕೂರುವಂತಿರಲಿಲ್ಲ. ರಾಜ್ಯ ಸರ್ಕಾರ 2020ರ ಜೂನ್‌ನಲ್ಲಿ ಚಿಕ್ಕ ತರಗತಿಗಳ ಆನ್‌ಲೈನ್ ಪಾಠವನ್ನು ತಡೆದು, ಪ್ರೊ. ಎಂ.ಕೆ. ಶ್ರೀಧರ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಜುಲೈನಲ್ಲಿ ಹೈಕೋರ್ಟ್ ಆ ನಿಷೇಧಕ್ಕೆ ತಡೆ ನೀಡಿತು. ದೂರದರ್ಶನ ಚಂದನದಲ್ಲಿ ‘ಸಂವೇದ’ ಹೆಸರಿನ ಪಾಠಗಳು ಆರಂಭವಾದವು. ಮರದಡಿ, ದೇವಸ್ಥಾನದ ಅಂಗಳ, ಸಮುದಾಯ ಭವನಗಳಲ್ಲಿ ಮೇಷ್ಟ್ರುಗಳೇ ಬಂದು ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂರಿಸಿ ಪಾಠ ಹೇಳುವ ‘ವಿದ್ಯಾಗಮ’ ಆಗಸ್ಟ್‌ನಲ್ಲಿ ಶುರುವಾಗಿ, ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತಿತು. ಪಾಠದ ಗುಣಮಟ್ಟ ಏನೇ ಇರಲಿ, ಮನಸ್ಸಿನ ದೃಷ್ಟಿಯಿಂದ ವಿದ್ಯಾಗಮ ಆ ಕಾಲದ ಒಳ್ಳೆಯ ಪ್ರಯೋಗಗಳಲ್ಲಿ ಒಂದು. ಅಲ್ಲಿ ಮಗುವಿನ ಮುಖ ಮೇಷ್ಟ್ರಿಗೆ ಕಾಣುತ್ತಿತ್ತು, ಸಪ್ಪಗಾಗಿರುವ ಮಗುವನ್ನು ಯಾಕೆಂದು ಕೇಳುವವರಿದ್ದರು. ಅದೇ ವರ್ಷ ನವೆಂಬರ್ 14ರಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಆರಂಭವಾದ ‘ಓದುವ ಬೆಳಕು’ ಕೂಡ ಇಂಥದೇ ಕೆಲಸ ಮಾಡಿತು. ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಮನೆಯಿಂದಾಚೆ ಹೋಗಿ ಕೂರಲು ಒಂದು ಮರ್ಯಾದಸ್ಥ ಜಾಗವೂ ಸಿಕ್ಕಿತು.

ಪದವಿ ಕಾಲೇಜುಗಳು 2020ರ ನವೆಂಬರ್ 17ರಂದು ತೆರೆದವು. ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ 2021ರ ಜನವರಿ 1ರಂದು ಆರಂಭವಾದವು. ಎರಡನೆಯ ಅಲೆ ಬಂದು ಮತ್ತೆ ಎಲ್ಲ ಮುಚ್ಚಿ, ಒಂಬತ್ತರಿಂದ ಮೇಲಿನ ತರಗತಿಗಳು ಪುನಃ ಶುರುವಾದದ್ದು ಆಗಸ್ಟ್ 23ಕ್ಕೆ, ಒಂದರಿಂದ ಐದನೆಯ ತರಗತಿಗಳು ಅಕ್ಟೋಬರ್ 25ಕ್ಕೆ. ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು ಒಂದೇ ಸಲ ಮುಚ್ಚಿದ್ದಕ್ಕಿಂತ ಹೆಚ್ಚು ಮನಸ್ಸು ಕೆಡಿಸಿತೆಂದರೆ ತಪ್ಪಾಗದು. ಕೊನೆ ಗೊತ್ತಿರುವ ಕಷ್ಟವನ್ನು ಎಳೆಯರು ದಿನ ಎಣಿಸಿ ಸಹಿಸುತ್ತಾರೆ. ಕೊನೆ ಗೊತ್ತಿಲ್ಲದ ಕಡೆ ಆತಂಕ ಮನೆ ಮಾಡುತ್ತದೆ.

ಇದನ್ನು ಪರೀಕ್ಷೆಗಳ ಮಟ್ಟಿಗೆ ನೋಡಿದರೆ ಸ್ಪಷ್ಟವಾಗುತ್ತದೆ. 2020ರ ಮಾರ್ಚ್ 23ಕ್ಕೆ ನಿಗದಿಯಾಗಿದ್ದ ದ್ವಿತೀಯ ಪಿಯುಸಿ ಇಂಗ್ಲಿಷ್ ಪರೀಕ್ಷೆ ಮುಂದೂಡಿ ಮುಂದೂಡಿ ಜೂನ್ 18ರಂದು ನಡೆಯಿತು. ಒಂದೇ ಒಂದು ಪರೀಕ್ಷೆ ಬಾಕಿ ಇಟ್ಟುಕೊಂಡು ಮೂರು ತಿಂಗಳು ಕಳೆದವರಿಗೆ ಓದಲೂ ಮನಸ್ಸಿಲ್ಲ, ಪುಸ್ತಕ ಬಿಡಲೂ ಧೈರ್ಯವಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರಿಂದ ನಡೆಯಿತು, ಸುಮಾರು 8.48 ಲಕ್ಷ ಮಕ್ಕಳು ನೋಂದಾಯಿಸಿದ್ದರು, ಶೇ 71.80ರಷ್ಟು ಉತ್ತೀರ್ಣರಾದರು. ಮರುವರ್ಷ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಹತ್ತನೆಯ ತರಗತಿ ಮತ್ತು ಪ್ರಥಮ ಪಿಯುಸಿ ಅಂಕಗಳಿಂದ ತಲಾ ಶೇ 45, ಆಂತರಿಕ ಮೌಲ್ಯಮಾಪನದಿಂದ ಶೇ 10 ಸೇರಿಸಿ ಫಲಿತಾಂಶ ಕೊಡಲಾಯಿತು. ಎಲ್ಲರೂ ಪಾಸು, 2,239 ಮಂದಿಗೆ 600ಕ್ಕೆ 600. ಎಸ್ಸೆಸ್ಸೆಲ್ಸಿಯನ್ನು ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ, ಆಯ್ಕೆ ಉತ್ತರದ ಮಾದರಿಯಲ್ಲಿ ಮುಗಿಸಲಾಯಿತು. ತೇರ್ಗಡೆ ಶೇ 99.99.

ಹೊರಗಿನಿಂದ ನೋಡಿದವರಿಗೆ ಇದು ಅದೃಷ್ಟವೆಂದೇ ತೋರಿತು. ‘ಕೊರೊನಾ ಬ್ಯಾಚು’ ಎಂಬ ಹಣೆಪಟ್ಟಿ ಆ ಮಕ್ಕಳ ಬೆನ್ನು ಹತ್ತಿತು. ಚೆನ್ನಾಗಿ ಓದಿದ ಮಗುವಿಗೂ ತನ್ನ ಅಂಕ ತನ್ನದೇ ಎಂದು ಹೇಳಿಕೊಳ್ಳುವ ನೆಮ್ಮದಿ ಉಳಿಯಲಿಲ್ಲ. 2022ರಲ್ಲಿ ಇದು ವಿಕೋಪಕ್ಕೆ ಹೋಯಿತು. 2021ರಲ್ಲಿ ಪಿಯುಸಿ ಮುಗಿಸಿ, ಸಿಇಟಿಯನ್ನು ಮತ್ತೆ ಬರೆದ ಸುಮಾರು 24 ಸಾವಿರ ವಿದ್ಯಾರ್ಥಿಗಳ ಪಿಯುಸಿ ಅಂಕಗಳನ್ನು ರ‍್ಯಾಂಕಿಗೆ ಪರಿಗಣಿಸಲು ಪರೀಕ್ಷಾ ಪ್ರಾಧಿಕಾರ ನಿರಾಕರಿಸಿತು. ಪರೀಕ್ಷೆಯಿಲ್ಲದೆ ಬಂದ ಅಂಕ ಎಂಬುದು ಅದರ ವಾದ. ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 3ರಂದು ಏಕಸದಸ್ಯ ಪೀಠ ಅವರ ಪರ ತೀರ್ಪಿತ್ತಿತು, ಸರ್ಕಾರ ಮೇಲ್ಮನವಿ ಸಲ್ಲಿಸಿತು, ತಿಂಗಳ ಕೊನೆಗೆ ಅಂಕಗಳಲ್ಲಿ ಇಷ್ಟಿಷ್ಟು ಕಡಿತ ಮಾಡಿ ಲೆಕ್ಕ ಹಾಕುವ ರಾಜಿಸೂತ್ರ ಒಪ್ಪಿತವಾಗಿ ಹೊಸ ರ‍್ಯಾಂಕ್ ಪಟ್ಟಿ ಹೊರಬಂತು. ಯಾರ ವಾದ ಸರಿ ಎಂಬುದು ಬೇರೆ ಮಾತು. ಹದಿನೆಂಟು ಹತ್ತೊಂಬತ್ತರ ಮಕ್ಕಳು ಎರಡು ತಿಂಗಳ ಕಾಲ ರ‍್ಯಾಂಕಿಲ್ಲ, ಸೀಟಿಲ್ಲ, ಮುಂದೇನೆಂದು ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿದ್ದರು. ಸೋಂಕು ಇಳಿದ ಮೇಲೂ ಅದರ ಬಾಲ ಎಷ್ಟು ಉದ್ದವಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. 2022ರಲ್ಲಿ ಬರೆದು ಪರೀಕ್ಷಿಸುವ ಪದ್ಧತಿ ಮರಳಿದಾಗ ದ್ವಿತೀಯ ಪಿಯುಸಿ ಫಲಿತಾಂಶ ಶೇ 61.88ಕ್ಕೆ ಇಳಿಯಿತು. ಆ ವರ್ಷ ಪರೀಕ್ಷೆ ಬರೆದವರು ಪ್ರಥಮ ಪಿಯುಸಿಯನ್ನು ಬಹುಪಾಲು ಮೊಬೈಲ್ ಪರದೆಯ ಮೇಲೆ ಓದಿದವರು.

ಎಲ್ಲರೂ ವಿದ್ಯಾರ್ಥಿಗಳಲ್ಲ. ಜಿಲ್ಲೆಯ ಯುವಜನರಲ್ಲಿ ದುಡಿಯುವವರ ಸಂಖ್ಯೆ ದೊಡ್ಡದು. ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ವಿದ್ಯುತ್ ಮಗ್ಗಗಳು ನಿಂತವು. ನೂಲು ಬರುವುದು, ಸೀರೆ ಹೋಗುವುದು ಎರಡೂ ನಿಂತ ಮೇಲೆ ಮಗ್ಗ ಇದ್ದೂ ಕೆಲಸವಿಲ್ಲ. ಮದುವೆಯ ಹಂಗಾಮು ಹಾಗೆಯೇ ಕಳೆಯಿತು. ಮನೆಯೇ ಕಾರ್ಖಾನೆಯಾದಲ್ಲಿ ಅಪ್ಪನ ಸಾಲದ ಮಾತು ಮಕ್ಕಳ ಕಿವಿಗೆ ಬೀಳದಂತೆ ಆಡಲು ಇನ್ನೊಂದು ಕೋಣೆ ಇರುವುದಿಲ್ಲ. ಅಲ್ಲಿನ ಅಪಾರಲ್ ಪಾರ್ಕ್‌ನ ಗಾರ್ಮೆಂಟ್ ಕಾರ್ಖಾನೆಗಳಿಗೆ ಹಳ್ಳಿಗಳಿಂದ ವ್ಯಾನಿನಲ್ಲಿ ಹೋಗುವ ಹೆಣ್ಣುಮಕ್ಕಳಿಗೆ ಆ ಸಂಬಳ ಕೈಯಲ್ಲಿದ್ದ ಕಾರಣಕ್ಕೇ ಮದುವೆ, ಓದು, ಖರ್ಚಿನ ವಿಷಯದಲ್ಲಿ ಒಂದು ಮಾತು ಇತ್ತು. ಸಂಬಳ ನಿಂತಾಗ ಆ ಮಾತೂ ಕುಗ್ಗಿತು. ದೇವನಹಳ್ಳಿಯ ಸುತ್ತ ಸಾಲ ಮಾಡಿ ಕಾರು ಕೊಂಡು ವಿಮಾನ ನಿಲ್ದಾಣಕ್ಕೆ ಬಾಡಿಗೆ ಓಡಿಸುತ್ತಿದ್ದ ಯುವಕರಿಗೆ ಪ್ರಯಾಣಿಕರಿಲ್ಲ, ಕಂತು ಮಾತ್ರ ತಪ್ಪಲಿಲ್ಲ. ಮುಂದೂಡಿದ ಕಂತಿಗೂ ಬಡ್ಡಿ ಬೆಳೆಯುತ್ತಿತ್ತು. ಬೆಂಗಳೂರಿನ ಮಾರುಕಟ್ಟೆ ಮುಚ್ಚಿದ್ದರಿಂದ ಗುಲಾಬಿ, ಸೇವಂತಿಗೆ ಗಿಡದಲ್ಲೇ ಬಾಡಿದವು. 2020ರ ಮೇ 6ರಂದು ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25 ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ಮಾಗಿದ ಬೆಳೆಯ ಮೇಲೆ ತಾನೇ ಟ್ರ್ಯಾಕ್ಟರ್ ಓಡಿಸಿದ ಹುಡುಗನಿಗೆ ಆ ಮೊತ್ತ ಸಾಲದ ಒಂದು ಮೂಲೆಗೂ ಸಾಲದು. ಪದವಿ ಮುಗಿಸಿದವರೂ ನರೇಗಾ ಕೆಲಸಕ್ಕೆ ಬಂದು ಕೆರೆಯ ಹೂಳೆತ್ತಿದರು. ಆ ವರ್ಷದ ದಿನಗೂಲಿ 275 ರೂಪಾಯಿ. ಇದರಲ್ಲಿ ಅವಮಾನ ಕಂಡವರಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಬೆಳಗ್ಗೆ ಎದ್ದು ಹೋಗಲು ಒಂದು ಜಾಗ, ಜೊತೆಗೆ ಹತ್ತು ಜನ ಸಿಕ್ಕರೆಂದು ನಿದ್ದೆ ಸರಿಹೋದವರೂ ಇದ್ದಾರೆ.

ಶಾಲೆ ಮುಚ್ಚಿದ್ದರ ಇನ್ನೊಂದು ಮುಖ ಬಾಲ್ಯವಿವಾಹ ಮತ್ತು ಬಾಲದುಡಿಮೆ. ಮದುವೆಗೆ ಜನ ಸೇರಿಸುವಂತಿಲ್ಲ ಎಂದಾಗ ಖರ್ಚು ಕಡಿಮೆ, ಸದ್ದು ಕಡಿಮೆ, ನೋಡುವವರೂ ಕಡಿಮೆ. ಶಾಲೆಗೆ ಬಾರದ ಹುಡುಗಿಯನ್ನು ಎಲ್ಲಿ ಎಂದು ಕೇಳುವ ಹಾಜರಿ ಪುಸ್ತಕವೂ ಇಲ್ಲ. ಕರ್ನಾಟಕದ 2016ರ ತಿದ್ದುಪಡಿ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವಾಗಿಸಿದೆ. ಆದರೆ ಕಾನೂನು ಬಾಗಿಲಿಗೆ ಬರುವುದು ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಮಾತ್ರ.

ಮೊದಲ ಅಲೆ ದಿನಚರಿಯನ್ನು ಮುರಿದರೆ, 2021ರ ಏಪ್ರಿಲ್-ಮೇ ತಿಂಗಳ ಎರಡನೆಯ ಅಲೆ ಸಾವನ್ನು ಮನೆಯೊಳಗೆ ತಂದಿತು. ಏಪ್ರಿಲ್ 27ರಿಂದ ರಾಜ್ಯ ಮತ್ತೆ ಮುಚ್ಚಿತು. ಜೂನ್ 14ರಿಂದ ಬೇರೆಡೆ ಸಡಿಲಿಕೆ ಸಿಕ್ಕಾಗಲೂ ಸೋಂಕಿನ ಪ್ರಮಾಣ ಇಳಿಯದ 11 ಜಿಲ್ಲೆಗಳಲ್ಲಿ ನಿರ್ಬಂಧ ಮುಂದುವರಿಯಿತು, ಅವುಗಳಲ್ಲಿ ಬೆಂಗಳೂರು ಗ್ರಾಮಾಂತರವೂ ಒಂದು. ಹಾಸಿಗೆ, ಆಮ್ಲಜನಕ, ಔಷಧಿಗಾಗಿ ಫೋನ್ ಹಿಡಿದು ನಂಬರಿನಿಂದ ನಂಬರಿಗೆ ಅಲೆದವರು ಹೆಚ್ಚಾಗಿ ಮನೆಯ ಎಳೆಯರೇ, ಮೊಬೈಲ್ ಬಳಕೆ ಬಲ್ಲವರು ಅವರೇ ಆದ್ದರಿಂದ. ಸಿಕ್ಕಿದರೆ ಸರಿ. ಸಿಗದೆ ಅಪ್ಪನೋ ಅಜ್ಜಿಯೋ ತೀರಿಕೊಂಡಲ್ಲಿ ‘ಇನ್ನೊಂದು ಆಸ್ಪತ್ರೆಗೆ ಕೇಳಬೇಕಿತ್ತು’ ಎಂಬ ತಪ್ಪಿತಸ್ಥ ಭಾವ ಅವರ ಹೆಗಲಿಗೇ ಬಿತ್ತು. ಶವವನ್ನು ಮನೆಗೆ ತರುವಂತಿಲ್ಲ, ಮುಖ ನೋಡುವಂತಿಲ್ಲ, ನೆಂಟರು ಬರುವಂತಿಲ್ಲ. ಮೂರನೆಯ ದಿನದ ಹಾಲುತುಪ್ಪ, ಹನ್ನೊಂದರ ತಿಥಿ ಎಂಬ ಆಚರಣೆಗಳಿಗೆ ಧರ್ಮದ ಅರ್ಥವಿರುವಂತೆ ಮನಸ್ಸಿನ ಅರ್ಥವೂ ಇದೆ: ಸತ್ತವರು ಸತ್ತರೆಂದು ಬದುಕಿರುವವರಿಗೆ ಹತ್ತು ಜನರ ನಡುವೆ ಮನವರಿಕೆಯಾಗುತ್ತದೆ. ಇದು ತಪ್ಪಿದ ದುಃಖ ಮುಗಿಯದೆ ಎಳೆಯುತ್ತದೆ, ಎಷ್ಟೋ ಸಲ ತಿಂಗಳುಗಳ ಮೇಲೆ ಸಿಟ್ಟಾಗಿಯೋ ಮೌನವಾಗಿಯೋ ಹೊರಬೀಳುತ್ತದೆ. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ನೀಡುವ ಮುಖ್ಯಮಂತ್ರಿ ಬಾಲಸೇವಾ ಯೋಜನೆಯನ್ನು ಮೇ 29ರಂದು ರಾಜ್ಯ ಸರ್ಕಾರ ಪ್ರಕಟಿಸಿತು. ಒಬ್ಬರನ್ನು ಕಳೆದುಕೊಂಡು, ಇದ್ದಕ್ಕಿದ್ದಂತೆ ಮನೆಯ ಯಜಮಾನಿಕೆ ಹೊತ್ತ ಹತ್ತೊಂಬತ್ತರ ಮಗನ ಅಥವಾ ಮಗಳ ಕಡೆಗೆ ಅಷ್ಟು ಗಮನ ಹರಿಯಲಿಲ್ಲ.

ಕೈಯಲ್ಲಿದ್ದ ಅದೇ ಮೊಬೈಲು ಆಟಕ್ಕೂ ದಾರಿಯಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ನಿಷೇಧಿಸಿದಾಗ ಹಿರಿಯರು ನಿಟ್ಟುಸಿರು ಬಿಟ್ಟರು, ಹುಡುಗರು ಬೇರೆ ಆಟ ಹುಡುಕಿಕೊಂಡರು. ಹೆಚ್ಚು ಹಾನಿ ಮಾಡಿದ್ದು ಹಣ ಕಟ್ಟಿ ಆಡುವ ಆಟಗಳು. ಕೆಲಸವಿಲ್ಲದ ಕಾಲದಲ್ಲಿ ಬೇಗ ದುಡ್ಡು ಮಾಡುವ ಆಸೆ, ಸೋತದ್ದನ್ನು ಗೆದ್ದು ತುಂಬಿಸುವ ಹಟ, ಆ್ಯಪ್‌ನಲ್ಲಿಯೇ ಸಿಗುವ ಕೈಸಾಲ ಎಲ್ಲ ಒಟ್ಟಿಗೆ ಬಂದವು. ರಾಜ್ಯ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಇಂಥ ಆಟಗಳನ್ನು ಕಾಯ್ದೆ ತಿದ್ದಿ ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಮೊಬೈಲನ್ನೇ ಸಕಲ ಕೇಡಿಗೂ ಮೂಲವೆನ್ನುವುದೂ ಸರಿಯಲ್ಲ. ಬಾಗಿಲು ಮುಚ್ಚಿದ ಮನೆಯಲ್ಲಿ ಸ್ನೇಹವನ್ನು ಜೀವಂತವಾಗಿಟ್ಟದ್ದೂ ಅದೇ.

ಒಟ್ಟು ಪರಿಣಾಮವನ್ನು ಅಂಕಿಗಳಲ್ಲಿ ಹೇಳುವಾಗ ಎಚ್ಚರ ಬೇಕು. ಸಾಂಕ್ರಾಮಿಕಕ್ಕೂ ಮುಂಚೆ, 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಬೆಂಗಳೂರಿನ ನಿಮ್ಹಾನ್ಸ್ ನಡೆಸಿತ್ತು. ಅದರ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅಂದರೆ ಕೊರೊನಾ ಖಾಲಿ ಹಲಗೆಯ ಮೇಲೆ ಬರೆಯಲಿಲ್ಲ. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಏರಿತೆಂದು, ಯುವಜನರು ಮತ್ತು ಮಹಿಳೆಯರು ಹೆಚ್ಚು ಬಳಲಿದರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳ ಸಂಖ್ಯೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದಲ್ಲಿ 2019ರಲ್ಲಿ 10,335 ಇದ್ದದ್ದು 2020ರಲ್ಲಿ 12,526, 2021ರಲ್ಲಿ 13,089. ಈ ಏರಿಕೆಯನ್ನೆಲ್ಲ ಲಾಕ್‌ಡೌನ್ ಲೆಕ್ಕಕ್ಕೆ ಬರೆಯಲಾಗದು. ಇಂಥ ಸಾವಿನ ಹಿಂದೆ ಕಾರಣ ಒಂದೇ ಇರುವುದು ಅಪರೂಪ. ಯೂನಿಸೆಫ್‌ನ 2021ರ ವರದಿಯಲ್ಲಿ ಇನ್ನೊಂದು ಅಂಕಿ ಇದೆ, ಅದು ಹೆಚ್ಚು ಯೋಚಿಸಬೇಕಾದದ್ದು. ಮನಸ್ಸಿನ ತೊಂದರೆಗೆ ಇತರರ ನೆರವು ಪಡೆಯುವುದು ಒಳ್ಳೆಯದು ಎಂದ 15ರಿಂದ 24ರ ಪ್ರಾಯದವರು ಭಾರತದಲ್ಲಿ ಶೇ 41 ಮಾತ್ರ. ಸಮೀಕ್ಷೆ ನಡೆದ 21 ದೇಶಗಳ ಸರಾಸರಿ ಶೇ 83.

ನೆರವು ಕೇಳದಿರಲು ನಾಚಿಕೆಯೊಂದೇ ಕಾರಣವಲ್ಲ. ಹಳ್ಳಿಯ ಎಳೆಯರು ‘ನನಗೆ ಖಿನ್ನತೆ’ ಎಂದುಕೊಂಡು ವೈದ್ಯರ ಬಳಿ ಹೋಗುವುದಿಲ್ಲ. ತಲೆನೋವು, ಎದೆ ಡವಗುಟ್ಟುವುದು, ಹೊಟ್ಟೆ ಸಂಕಟ, ಸುಸ್ತು, ನಿದ್ದೆ ಬಾರದು ಎಂದು ಹೋಗುತ್ತಾರೆ. ಪರೀಕ್ಷೆಯಲ್ಲಿ ರಕ್ತ ಸರಿ, ಎದೆಬಡಿತ ಸರಿ ಎಂದು ಬಂದರೆ ‘ಏನೂ ಇಲ್ಲ’ ಎಂದು ಕಳಿಸಲಾಗುತ್ತದೆ. ಏನೂ ಇಲ್ಲವೆಂಬುದು ಸುಳ್ಳು. ಬೇಸರ ಅಥವಾ ನಿರಾಸಕ್ತಿ ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಕ್ಕೂ ಮೀರಿ ಉಳಿದು, ಜೊತೆಗೆ ಊಟ ನಿದ್ದೆ ಕೆಟ್ಟು, ತಾನು ಯಾರಿಗೂ ಬೇಡವೆಂಬ ಭಾವ ಬಲಿಯುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಹರೆಯದವರಲ್ಲಿ ಅದು ಅಳುವಿಗಿಂತ ಸಿಡುಕಾಗಿ ಕಾಣುವುದೇ ಹೆಚ್ಚು, ಆದ್ದರಿಂದ ಮನೆಯವರು ಸೊಕ್ಕು ಎಂದುಕೊಳ್ಳುತ್ತಾರೆ. ಬದುಕುವುದೇ ಬೇಡವೆಂಬ ಮಾತು ಬಂದರೆ ಎರಡು ವಾರ ಕಾಯುವ ಪ್ರಶ್ನೆಯಿಲ್ಲ, ಆ ದಿನವೇ ನೆರವು ಬೇಕು. ಅದರ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಬಂದೀತೆಂಬ ಭಯಕ್ಕೆ ಆಧಾರವಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಭಾರ ಇಳಿದಂತಾಗುತ್ತದೆ.

ಎಲ್ಲರೂ ಕುಸಿಯಲಿಲ್ಲ ಎಂಬುದನ್ನೂ ದಾಖಲಿಸಬೇಕು. ಬಹುಪಾಲು ಎಳೆಯರು ಬೇಸರ, ಭಯ, ಸಿಟ್ಟುಗಳ ನಡುವೆಯೇ ದಾರಿ ಕಂಡುಕೊಂಡರು. ಶಾಲೆಯ ಪೈಪೋಟಿಯಲ್ಲಿ ಅಥವಾ ತರಗತಿಯ ಕೀಟಲೆಯಲ್ಲಿ ನಲುಗುತ್ತಿದ್ದ ಕೆಲವರಿಗೆ ಮನೆಯೇ ಹಿತವಾಯಿತು. ಅಪ್ಪನ ಜೊತೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದನ್ನು, ಬೋರ್‌ವೆಲ್ ಮೋಟಾರು ಬಿಚ್ಚುವುದನ್ನು ಮೊದಲ ಬಾರಿ ಕಲಿತವರಿದ್ದಾರೆ. ಆಹಾರದ ಕಿಟ್ ಹಂಚಿದ, ಒಂಟಿ ವೃದ್ಧರಿಗೆ ಔಷಧಿ ತಂದುಕೊಟ್ಟ ಯುವಕ ಸಂಘಗಳೂ ಇದ್ದವು. ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದವರು ತಾವೂ ಕಡಿಮೆ ಬಳಲಿದರೆಂಬುದು ವಿಪತ್ತುಗಳ ಕಾಲದಲ್ಲಿ ಮತ್ತೆ ಮತ್ತೆ ಕಂಡುಬರುವ ಸಂಗತಿ.

ನೆರವಿನ ವ್ಯವಸ್ಥೆ ಈ ಭಾಗದಲ್ಲಿ ಇಲ್ಲವೆನ್ನುವಂತಿಲ್ಲ. ದೇಶದ ಅತಿ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲೊಂದಾದ ನಿಮ್ಹಾನ್ಸ್ ಬಸ್ಸಿನ ದೂರದಲ್ಲೇ ಇದೆ. 2020ರ ಮಾರ್ಚ್ ಕೊನೆಯಲ್ಲಿಯೇ ಅದು ದೂರವಾಣಿ ಮೂಲಕ ಆಪ್ತಸಲಹೆ ಆರಂಭಿಸಿತು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ಏರ್ಪಾಡು 2014ರಿಂದ ಇದೆ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ನಡೆಸುವ ‘ಯುವ ಸ್ಪಂದನ’ದಲ್ಲಿ ತರಬೇತಿ ಪಡೆದ ಯುವಕ ಯುವತಿಯರೇ ತಮ್ಮ ಓರಗೆಯವರ ಮಾತಿಗೆ ಕಿವಿಗೊಡುತ್ತಾರೆ. ಇವುಗಳಲ್ಲಿ ಹರೆಯಕ್ಕೆ ಹೆಚ್ಚು ಒಗ್ಗುವುದು ಕೊನೆಯದೇ, ಯಾಕೆಂದರೆ ಅಲ್ಲಿಗೆ ಹೋಗಲು ರೋಗಿಯಾಗಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕೇ ಹೊರತು ಶಿಕ್ಷಿಸಬಾರದೆಂದೂ ಹೇಳಿದೆ.

ಕೊರತೆ ಇರುವುದು ನಡುವಿನ ಜಾಗದಲ್ಲಿ. ಮನೆಗೂ ಮನೋವೈದ್ಯರಿಗೂ ನಡುವೆ ಮಗುವನ್ನು ದಿನಾ ನೋಡುವ ಒಬ್ಬರು ಬೇಕು. ಅದು ಶಾಲೆಯ ಶಿಕ್ಷಕರಾಗಬಹುದು, ಗ್ರಂಥಾಲಯ ಮೇಲ್ವಿಚಾರಕರಾಗಬಹುದು, ಆಶಾ ಕಾರ್ಯಕರ್ತೆಯಾಗಬಹುದು, ಗಾರ್ಮೆಂಟ್ ಕಾರ್ಖಾನೆಯ ಸೂಪರ್‌ವೈಸರ್ ಆಗಬಹುದು. 2022ರ ಮೇ 16ರಂದು, ವಾಡಿಕೆಗಿಂತ ಎರಡು ವಾರ ಮೊದಲೇ, ಶಾಲೆಗಳನ್ನು ತೆರೆದು ಸರ್ಕಾರ ‘ಕಲಿಕಾ ಚೇತರಿಕೆ’ ಆರಂಭಿಸಿತು. ತಪ್ಪಿಹೋದ ಪಾಠ ತುಂಬಿಕೊಡುವ ಆ ವರ್ಷದಲ್ಲಿ ಲೆಕ್ಕ ಮತ್ತು ಭಾಷೆಗೆ ಪುಸ್ತಕಗಳು ತಯಾರಾದವು. ಆದರೆ ಗೆಳೆತನ, ಧೈರ್ಯ, ದುಃಖ ಇವುಗಳ ಚೇತರಿಕೆ ಒಬ್ಬೊಬ್ಬ ಶಿಕ್ಷಕರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಯಿತು. ತರಗತಿಯ ಮೊದಲ ತಿಂಗಳನ್ನು ಆಟಕ್ಕೆ, ಹಾಡಿಗೆ, ಮಾತಿಗೆ ಮೀಸಲಿಟ್ಟಿದ್ದರೆ ಪಾಠಕ್ಕೇನೂ ನಷ್ಟವಾಗುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. 2020ರಲ್ಲಿ ಹತ್ತನೆಯ ತರಗತಿಯಲ್ಲಿದ್ದವರು ಈಗ ಇಪ್ಪತ್ತು ದಾಟಿ ವಿಮಾನ ನಿಲ್ದಾಣದ ಸುತ್ತಲ ಕಂಪನಿಗಳಲ್ಲಿ, ದಾಬಸ್‌ಪೇಟೆಯ ಕಾರ್ಖಾನೆಗಳಲ್ಲಿ, ಹೊಸಕೋಟೆಯ ಗೋದಾಮುಗಳಲ್ಲಿ ದುಡಿಯುವ ವಯಸ್ಸಿನವರು. ಅವರಲ್ಲಿ ಯಾರಿಗಾದರೂ ಆ ವರ್ಷಗಳ ಆತಂಕ, ನಿದ್ದೆಗೇಡು, ಮುಗಿಯದ ದುಃಖ ಇನ್ನೂ ಉಳಿದಿದ್ದರೆ ತಡವಾಯಿತೆಂದು ಸುಮ್ಮನಿರಬೇಕಿಲ್ಲ. ಮಾತಿನ ಚಿಕಿತ್ಸೆ ಮತ್ತು ಔಷಧಿ ಎರಡೂ ಹಳೆಯ ತೊಂದರೆಗೂ ಕೆಲಸ ಮಾಡುತ್ತವೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭವಾದ ಟೆಲಿ-ಮನಸ್ ಎಂಬ ದೂರವಾಣಿ ಆಪ್ತಸಲಹೆ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು.